ಮಣಿಕೊಂಡದಲ್ಲಿ ಪಂಚಾಂಗ ಶ್ರವಣ

ಹೈದರಾಬಾದ್, ಯುಗಾದಿ

ಪೂಜ್ಯ ಅಜ್ಜನವರಿಗೆ ಮೊಮ್ಮಗಳ ನಮಸ್ಕಾರಗಳು.

ಈ ಸಂಜೆ ಮಣಿಕೊಂಡದ ಕನ್ನಡಿಗರೆಲ್ಲ ಪಂಚಾಂಗ ಶ್ರವಣಕ್ಕೆ ಸೇರಿದ್ದರು, ಆದರೆ ಓದಬೇಕಿದ್ದ ಶಾಸ್ತ್ರಿಗಳಿಗೆ ಬರಲಾಗಲಿಲ್ಲ. ನಾನು ಓದುವೆನೆಂದು ಎದ್ದೆ.

“ಕಾಲೇಜಿಗೆ ಫಸ್ಟ್ ಬಂದಾಕಿ ಖರೆ, ಆದ್ರ ಪಂಚಾಂಗ ಹುಡುಗ್ಯಾರ ಕೆಲಸೇನ್ರಿ?” ಎಂದರು ನೆರೆಮನೆಯ ಹನುಮಂತರಾಯರು.

ನೀವು ಕಲಿಸಿದ ಕ್ರಮದಲ್ಲಿಯೇ ತಿಥಿಯಿಂದ ಹನ್ನೆರಡು ರಾಶಿಗಳ ಫಲದವರೆಗೆ ಎಲ್ಲಿಯೂ ತಡವರಿಸದೆ ಓದಿದೆ. ಕೊನೆಗೆ ಅವರೇ, “ನನ್ನ ರಾಶಿ ಇನ್ನೊಮ್ಮೆ ಓದವ್ವಾ” ಎಂದರು!

ಇಲ್ಲಿ ಬೇವುಬೆಲ್ಲಕ್ಕೆ ಹುಣಸೆ, ಮಾವು, ಖಾರ ಬೆರೆಸಿ ಪಾನಕದಂತೆ ಕುಡಿಯುತ್ತಾರೆ. ಮೂರು ಲೋಟ ಕುಡಿದೆ, ಹೊಟ್ಟೆ ಕ್ಷೇಮವಾಗಿದೆ.

ಪಂಚಾಂಗದ ಲೆಕ್ಕದಲ್ಲಿ ಈ ವರ್ಷ ನನ್ನ ರಾಶಿಗೆ ಮನ್ನಣೆ ಒಂದು, ಅವಮಾನ ಏಳು. ಆ ಒಂದು ಮೊದಲ ದಿನವೇ ದಕ್ಕಿತು. ಉಳಿದ ಏಳೂ ಬರಲಿ, ನೋಡಿಕೊಳ್ಳುತ್ತೇನೆ.

ತಮ್ಮ ಶಿಷ್ಯೆ,
ಪೂರ್ವಿ