ಟೋಟಾರಾ ರಸ್ತೆಯ ಮನೆ

ಓಟಾರಾ, ಆಕ್ಲೆಂಡ್
೧೪ ಜೂನ್ ೨೦೨೪

ಪ್ರೀತಿಯ ಲಾಂಗಿ ಅಕ್ಕನಿಗೆ,

ನಿನ್ನ ತಂಗಿ ಫೇತುವಿನ ತಾಲೋಫಾ, ನಮಸ್ಕಾರ. ಪತ್ರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನಗೆ ಫೋನು ಬಂತೆಂದರೆ ಅಲ್ಲಿ ನಮ್ಮ ದ್ವೀಪದಲ್ಲಿ ಸಫೋತು ಊರಿಗೆ ಊರೇ ಕಿವಿಗೊಟ್ಟು ಕೂರುತ್ತದೆ. ಈ ಸುದ್ದಿ ಮೊದಲು ನಿನಗೊಬ್ಬಳಿಗೇ ತಲುಪಬೇಕು. ಅಕ್ಕ, ನಾವು ಇನ್ನೊಂದು ಮನೆ ಕೊಂಡೆವು! ಬಾಡಿಗೆಗೆ ಕೊಡಲು. ಆಸ್ಪತ್ರೆಯ ಬಟ್ಟೆ ಒಗೆಯುವ ನಿನ್ನ ತಂಗಿ ಈಗ ಮನೆ ಓನರಮ್ಮ.

ಎಲ್ಲಿ ಕೊಳ್ಳುವುದು ಎಂಬುದಕ್ಕೇ ಒಂದು ವರ್ಷ ಜಗಳವಾಡಿದೆವು. ನನ್ನ ಗಂಡ ತಾವಿತಾನಿಗೆ ಇಲ್ಲೇ, ನಮ್ಮ ಚರ್ಚಿನ ಪಕ್ಕದಲ್ಲೇ ಬೇಕು. "ಗೊತ್ತಿರೋ ಜಾಗ ಕಣೇ, ಗೊತ್ತಿರೋ ಜನ," ಎನ್ನುತ್ತಿದ್ದ.

"ಅದಕ್ಕೇ ಬೇಡ ಅನ್ನೋದು. ನಮ್ಮೋರ ಹತ್ರ ಬಾಡಿಗೆ ಕೇಳೋಕೆ ನಿಂಗೆ ಬಾಯಿ ಬರತ್ತಾ? ವಾರದ ಕೊನೆಗೆ ಒಂದು ಬುಟ್ಟಿ ಟಾರೋ ಗೆಡ್ಡೆ ತಂದಿಟ್ಟು, ತಬ್ಕೊಂಡು ಹೋಗ್ತಾರೆ. ಬ್ಯಾಂಕಿನೋರು ಟಾರೋ ತಗೋತಾರಾ?" ಎಂದೆ. ಭಾನುವಾರದ ಊಟಕ್ಕೆ ಬಂದಿದ್ದ ಪಾದ್ರಿಗಳೂ ನಕ್ಕುಬಿಟ್ಟರು.

ಮನೆ ಮಾರಿಸುವ ಏಜೆಂಟ್ ಹೆಲೆನ್ ಮೇಜಿನ ತುಂಬ ಮನೆಗಳ ವಿವರದ ಹಾಳೆ ಹರಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ದೊಡ್ಡ ಮಳೆಯ ಮರುದಿನ ಹೋಗಿ ಯಾವ ಬೀದಿಯಲ್ಲಿ ನೀರು ನಿಂತಿದೆ ಎಂದು ನೋಡಿದೆ. ಒಣಹಾಕಿದ ಬಟ್ಟೆ ನೋಡಿದೆ. ಇಷ್ಟು ವರ್ಷ ಒಗೆದವಳಿಗೆ ಬಟ್ಟೆ ಎಲ್ಲ ಹೇಳುತ್ತದೆ. ತಂತಿಯ ಮೇಲೆ ಶಾಲೆಯ ಸಮವಸ್ತ್ರ, ನರ್ಸುಗಳ ಉಡುಪು ಇದ್ದರೆ ಅವರು ನೆಲೆ ನಿಲ್ಲುವ ಜನ. ರೈಲು ನಿಲ್ದಾಣದಿಂದ ಹಿಡಿಸಿದ ಮನೆಯವರೆಗೆ ಈ ಹಾಳು ಮಂಡಿಯಲ್ಲೇ ನಡೆದೆ, ಒಂಬತ್ತು ನಿಮಿಷ. "ಹೀಗೆ ನೋಡಿದೋರನ್ನ ನಾನು ನೋಡೇ ಇಲ್ಲಮ್ಮ, ನೀವೇ ನನ್ನ ಕೆಲಸಕ್ಕೆ ಬಂದುಬಿಡಿ," ಎಂದಳು ಹೆಲೆನ್. ನನಗೆ ಎಷ್ಟು ಜಂಬ ಬಂತು ಗೊತ್ತೇ!

ಯಾವ ಬೀದಿ ಹೇಳು? ಟೋಟಾರಾ ರಸ್ತೆ. ಹೌದು, ಅದೇ. ಇಪ್ಪತ್ತೆಂಟು ವರ್ಷದ ಹಿಂದೆ ನನ್ನ ಮಗುವನ್ನು ಎತ್ತಿಕೊಂಡು ನಾವಿಬ್ಬರೂ ಬಾಡಿಗೆ ಮನೆ ಕೇಳಲು ಹೋಗಿದ್ದೆವಲ್ಲ. ಆ ಹೆಂಗಸು ನಮ್ಮ ಮುಖ ನೋಡಿದವಳೇ ಬೇಲಿಯಾಚೆಯಿಂದ, "ಅಯ್ಯೋ, ಈಗಷ್ಟೇ ಬೇರೆಯವ್ರಿಗೆ ಕೊಟ್ಬಿಟ್ವಿ," ಎಂದಳು. 'ಬಾಡಿಗೆಗಿದೆ' ಎಂಬ ಫಲಕ ಮಾತ್ರ ಇನ್ನೂ ಒಂದು ತಿಂಗಳು ಅಲ್ಲೇ ತೂಗಾಡಿತು. ನೀನು ತಿರುತಿರುಗಿ ಆ ಫಲಕವನ್ನೇ ನೋಡುತ್ತಾ ನಡೆದೆ. ಚಳಿಗಾಲ ಮುಗಿಯುವ ಮೊದಲೇ ನೀನು ಊರಿಗೆ ವಾಪಸಾದೆ. ಈಗ ಆ ಮನೆಯಿಂದ ಮೂರು ಮನೆ ಈಚೆಗೆ ನಮ್ಮ ಬೇಲಿ! ಬೀಗದ ಕೈ ಸಿಕ್ಕ ದಿನ ಗೇಟು ಹಿಡಿದು ನಿಂತು ಅತ್ತೆ, ನಕ್ಕೆ. ನೀನೂ ಇರಬೇಕಿತ್ತು.

ಕ್ರಿಸ್‌ಮಸ್‌ಗೆ ಬಂದೇ ಬಾ. ಆ ಗೇಟಿನಲ್ಲಿ ನಿನ್ನನ್ನು ನಿಲ್ಲಿಸಿ ಫೋಟೋ ತೆಗೆಸುತ್ತೇನೆ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ, ಮೊಮ್ಮಕ್ಕಳು ನಿನ್ನ ಮಾತು ಕೇಳುವಂತಾಗಲಿ.

ನಿನ್ನ ತಂಗಿ,
ಫೇತು

ತಾ.ಕ.: ಪತ್ರ ಮಡಿಸಿಟ್ಟವಳು ಮತ್ತೆ ಬಿಚ್ಚಿದೆ. ಕಳೆದ ಶನಿವಾರ ಮನೆ ನೋಡಲು ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ನಾಲ್ಕು ಮಕ್ಕಳು, ಒಬ್ಬ ಅಜ್ಜಿ. ನಮ್ಮವರೇ. "ರೈಲು ಹತ್ರ ಅಲ್ವಾ, ಅದಕ್ಕೇ ಬಂದ್ವಿ," ಎಂದಳು ಹೆಂಡತಿ. ಅಜ್ಜಿ ನನ್ನ ಮುಖವನ್ನೇ ನೋಡಿ, ನಮ್ಮ ಭಾಷೆಯಲ್ಲಿ, "ಯಾವೂರು ಮಗಳೇ ನಿಂದು? ನಮ್ದು ಸಫೋತು," ಎಂದಳು. ಬ್ಯಾಂಕು, ಬಾಡಿಗೆ, ಟಾರೋ ಬುಟ್ಟಿ ಎಲ್ಲ ಒಟ್ಟಿಗೇ ನನ್ನ ತಲೆಗೆ ಬಂತು. ಅವಳು ನಮ್ಮ ಅಪ್ಪನ ಹೆಸರು ಕೇಳುವ ಮೊದಲೇ, "ಅಯ್ಯೋ, ಈಗಷ್ಟೇ ಬೇರೆಯವ್ರಿಗೆ ಕೊಟ್ಬಿಟ್ವಿ," ಅಂದುಬಿಟ್ಟೆ. ಇಂಗ್ಲಿಷಿನಲ್ಲಿ ಅಂದೆ ಅಕ್ಕ.

ಅಜ್ಜಿ ತಿರುತಿರುಗಿ ಫಲಕ ನೋಡುತ್ತಾ ನಿಲ್ದಾಣದ ಕಡೆ ನಡೆದಳು. ಫಲಕ ಇನ್ನೂ ಅಲ್ಲೇ ಇದೆ. ಅವರು ಮೊದಲೇ ಬರೆದುಕೊಟ್ಟಿದ್ದ ಫೋನ್ ನಂಬರಿನ ಚೀಟಿಯೂ ನನ್ನ ಹತ್ತಿರವೇ ಇದೆ. ಈ ಪತ್ರ ಸಿಕ್ಕ ದಿನವೇ ಫೋನ್ ಮಾಡಿ ನನ್ನನ್ನು ಬೈಯಿ. ಊರೆಲ್ಲ ಕೇಳಿಸಿಕೊಳ್ಳಲಿ.