ನಿನ್ನ ಕಡೆಯ ಬಾಗಿಲು

ನಮ್ಮ ಮನೆ, ಮುಂದಿನ ಕೋಣೆ
ಹನ್ನೆರಡನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳಿಗೆ,

ಹೀಗೆ ಬರೆದದ್ದಕ್ಕೆ ನಗಬೇಡ. ಇಪ್ಪತ್ತಾರು ವರ್ಷ 'ಇವಳೇ' ಎಂದು ಕರೆದು ಅಭ್ಯಾಸವಾದವನು ಈಗ ಕಾಗದದ ಮೇಲೆ ನಿನ್ನ ಹೆಸರು ಬರೆದರೆ ಬ್ಯಾಂಕಿನಿಂದ ಬಂದ ನೋಟೀಸಿನ ಹಾಗೆ ಕಾಣುತ್ತದೆ. ಎರಡು ಹಾಳೆ ಹರಿದು ಹಾಕಿದ್ದಾಯಿತು, ಇದು ಮೂರನೆಯದು. ಹೇಗಿದ್ದೀಯ? ಮಂಡಿ ನೋವು ಹೇಗಿದೆ? ನಿನ್ನ ಅಕ್ಕನ ಮನೆಗೆ ಹತ್ತೊಂಬತ್ತು ಮೆಟ್ಟಿಲು, ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಏನೋ. ಮಂಡಿಗೆ ಕಟ್ಟುವ ಪಟ್ಟಿಯನ್ನು ಬಚ್ಚಲುಮನೆಯ ಮೊಳೆಗೆ ನೇತುಹಾಕಿ ಮರೆತು ಹೋಗಿದ್ದೀಯ. ಯಾವತ್ತೋ ಕಳಿಸಬಹುದಿತ್ತು, ಕಳಿಸಲಿಲ್ಲ. ಕಳಿಸಿಬಿಟ್ಟರೆ ನೀನು ಬಂದು ತೆಗೆದುಕೊಂಡು ಹೋಗಬೇಕಾದದ್ದು ಈ ಮನೆಯಲ್ಲಿ ಏನೂ ಉಳಿಯುವುದಿಲ್ಲವಲ್ಲ ಎಂದು ಭಯ. ಇದು ಸ್ವಾರ್ಥವೆಂದು ಗೊತ್ತು, ಬೈದುಕೋ. ಅಕ್ಕನ ಬಿ.ಪಿ. ಹತೋಟಿಯಲ್ಲಿದೆಯೆಂದು ಭಾವ ಫೋನಿನಲ್ಲಿ ಹೇಳಿದರು, ಸಂತೋಷ.

ನಾನು ಚೆನ್ನಾಗಿದ್ದೇನೆ. ಅಡುಗೆ ಮಾಡಿಕೊಳ್ಳುತ್ತೇನೆ. ಒಂದು ದಿನ ಉಪ್ಪು ಮರೆಯುತ್ತದೆ, ಮಾರನೆಯ ದಿನ ಹಿಂದಿನ ಬಾಕಿಯೂ ಸೇರಿಕೊಂಡು ಬೀಳುತ್ತದೆ. ಬಟ್ಟೆ ನಾನೇ ಇಸ್ತ್ರಿ ಮಾಡುತ್ತೇನೆ, ಅಂಗಿಯ ಕಾಲರಿನ ಹತ್ತಿರ ಸುಕ್ಕು ಉಳಿಯುತ್ತದೆ, ನೋಡಿಯೂ ನೋಡದವನ ಹಾಗೆ ಹಾಕಿಕೊಂಡು ಹೋಗುತ್ತೇನೆ. ನೀನು ಮಾಡಿದಾಗ ಇದೇ ಸುಕ್ಕಿಗೆ ನಾನು ಎಷ್ಟು ಮಾತು ಆಡುತ್ತಿದ್ದೆ! ಕೆಲಸದಿಂದ ಬಂದು ಬೀಗ ತೆಗೆದ ಕೂಡಲೇ ಈಗಲೂ 'ಬಂದೆ ಕಣೇ' ಎನ್ನುತ್ತೇನೆ. ಅಂದ ಮೇಲೆ ನೆನಪಾಗುತ್ತದೆ. ಆಮೇಲೆ ಒಳಕೋಣೆಯಲ್ಲಿ ಟಿ.ವಿ. ಹಾಕಿ ಬಂದು ಇಲ್ಲಿ ಕೂರುತ್ತೇನೆ, ನೋಡುವುದಕ್ಕಲ್ಲ, ಆ ಕಡೆಯಿಂದ ಯಾರೋ ಮಾತಾಡುತ್ತಿರಲಿ ಎಂದು. ಬೇಸರವಾಗುತ್ತದೆ ಇವಳೇ. ಫೋನಿನಲ್ಲಿ ಇದನ್ನು ಹೇಳೋಣವೆಂದರೆ ನೀನು ಒಂದು 'ಹೂಂ' ಅಂದ ಕೂಡಲೇ ನನ್ನ ಬಾಯಿಗೆ ಬೀಗ ಬೀಳುತ್ತದೆ, ಗ್ಯಾಸ್ ಸಿಲಿಂಡರಿನ ವಿಷಯ ಮಾತಾಡಿ ಇಟ್ಟುಬಿಡುತ್ತೇನೆ.

ಈಗ ಸಮಾಚಾರ. ಕಾರು ಬಂತು. ನಿನ್ನ ಇಷ್ಟದ ಕಡುನೀಲಿಯೇ. ನಮ್ಮ ಕಾರ್ಖಾನೆಯಲ್ಲಿ ಬಣ್ಣದ ತಪಾಸಣೆ ಮಾಡುವವರು ಯಾರೂ ಕಡು ಬಣ್ಣ ತೆಗೆದುಕೊಳ್ಳುವುದಿಲ್ಲ, ಬಿಳಿಯಲ್ಲಾದರೆ ಎಲ್ಲ ತಪ್ಪೂ ಅಡಗುತ್ತದೆ, ನೀಲಿಯಲ್ಲಿ ಒಂದು ಧೂಳಿನ ಕಣವೂ ಅಡಗುವುದಿಲ್ಲ ಎಂದು ನಾನು ವಾದ ಮಾಡಿದ್ದೆ. ನೀನು, 'ಬಿಳಿ ಬೇಡ ರೀ, ಆಂಬುಲೆನ್ಸ್ ಬಂದ ಹಾಗಿರುತ್ತೆ' ಅಂದಿದ್ದೆ. ಇಪ್ಪತ್ತೇಳು ವರ್ಷ ಬೇರೆಯವರ ಕಾರುಗಳ ಮೈ ತಡವಿದವನು ಮೊದಲ ಸಲ ನನ್ನದೇ ಕಾರಿನ ಕೀಲಿ ಹಿಡಿದೆ. ಶೋರೂಮಿನ ಹುಡುಗಿ ಫೋಟೋ ತೆಗೆಯಲು ಬಂದು 'ಮೇಡಂ ಬಂದಿಲ್ವಾ ಸರ್?' ಎಂದಳು. 'ಊರಿಗೆ ಹೋಗಿದ್ದಾರೆ' ಎಂದೆ. ಫೋಟೋದಲ್ಲಿ ಕಾರಿನ ಒಂದು ಬದಿಗೆ ನಾನು ನಿಂತಿದ್ದೇನೆ, ಇನ್ನೊಂದು ಬದಿ ಖಾಲಿ.

ಶೋರೂಮಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಏನೂ ಸಿಗಲಿಲ್ಲ. ಅಲ್ಲಿನ ದೀಪಗಳೇ ಹಾಗೆ, ಎಲ್ಲವನ್ನೂ ಚೆಂದ ಮಾಡುತ್ತವೆ. ಮಾರನೆಯ ಬೆಳಿಗ್ಗೆ ಮನೆ ಮುಂದೆ ಓರೆ ಬಿಸಿಲು ಬಿದ್ದಾಗ ನೀನು ಕೂರುವ ಕಡೆಯ ಬಾಗಿಲಿನಲ್ಲಿ ಮೂರು ಕಂಡವು. ಎರಡು ಧೂಳಿನ ಕಣ, ಬಣ್ಣದ ಕೆಳಗೆ ಸಿಕ್ಕಿಕೊಂಡು ಸಾಸಿವೆಯಷ್ಟು ಉಬ್ಬಿದ್ದವು. ಹಿಡಿಯ ಕೆಳಗೆ ಬಣ್ಣ ಜಾಸ್ತಿ ಬಿದ್ದು ಇಳಿದು ಗಟ್ಟಿಯಾದ ಒಂದು ಗೆರೆ, ಅಕ್ಕಿ ಕಾಳಿನಷ್ಟು ಉದ್ದ. ಕಾರ್ಖಾನೆಯಲ್ಲಿ ಮಾಡುವ ಹಾಗೇ ಕೈ ತಾನಾಗಿ ಜೇಬಿಗೆ ಹೋಯಿತು, ಮೇಣದ ಪೆನ್ಸಿಲ್ ತೆಗೆದು ಮೂರಕ್ಕೂ ಸುತ್ತು ಹಾಕಿದೆ. ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ನಿನ್ನ ಗೋಡೆ ನೆನಪಾಯಿತು.

ನೀನು ಮರೆತಿರುವುದಿಲ್ಲ, ಆದರೂ ನಾನು ಏನು ಮಾಡಿದೆ ಎನ್ನುವುದು ನನ್ನ ಕೈಯಲ್ಲೇ ಬರೆದದ್ದಾಗಿರಲಿ. ಈ ಮುಂದಿನ ಕೋಣೆಗೆ ನೀನು ಒಬ್ಬಳೇ ಮೂರು ದಿನ, ನಾನು ಕೆಲಸಕ್ಕೆ ಹೋದಾಗಲೆಲ್ಲ, ಆ ಮಂಡಿ ಇಟ್ಟುಕೊಂಡು ಸ್ಟೂಲು ಹತ್ತಿ ತಿಳಿ ಹಳದಿ ಬಣ್ಣ ಹೊಡೆದಿದ್ದೆ. ನಾನು ಮೂರೂವರೆಗೆ ಬಂದಾಗ ನೀನು ತಲೆಗೂದಲಿಗೆಲ್ಲ ಬಣ್ಣ ಮೆತ್ತಿಕೊಂಡು ಕೋಣೆಯ ನಡುವೆ ನಿಂತಿದ್ದೆ. ನಾನು ಚೀಲವನ್ನೂ ಕೆಳಗಿಡದೆ ಪೆನ್ಸಿಲ್ ತೆಗೆದು ಗೋಡೆಗೆ ಹದಿನಾಲ್ಕು ಸುತ್ತು ಹಾಕಿದೆ. ನಿನಗೆ ಸಹಾಯ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ, ಆಣೆಗೂ. ನೀನು 'ಇಷ್ಟೇನಾ ಕಂಡಿದ್ದು?' ಎಂದೆ. ನಾನು 'ಬೆಳಕು ಸರಿಯಾಗಿದ್ದಿದ್ರೆ ಇನ್ನೂ ಸಿಗ್ತಿತ್ತು' ಎಂದೆ. ನೀನು ಬ್ರಷ್ ತೊಳೆಯಲು ಹೋದೆ. ಅದಾದ ನಾಲ್ಕನೆಯ ದಿನ, ಸೋಮವಾರ, 'ಅಕ್ಕನ ಮನೇಲಿ ಹತ್ತು ದಿನ ಇದ್ದು ಬರ್ತೀನಿ' ಎಂದು ಚೀಲ ಹಿಡಿದು ಹೊರಟೆ. ಹತ್ತು ದಿನ ಈಗ ನಾಲ್ಕು ತಿಂಗಳಾಗಿದೆ. ಮೊಸರಿನಲ್ಲಿ ಕಲ್ಲು ಹುಡುಕುವವನು ಎಂದು ಮದುವೆಯಾದ ಹೊಸದರಲ್ಲಿ ನೀನು ನಗುತ್ತಾ ಹೇಳುತ್ತಿದ್ದೆ. ನಗು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ.

ಇರಲಿ, ಬಾಗಿಲಿನ ವಿಷಯಕ್ಕೆ ಬರುತ್ತೇನೆ. ಶೋರೂಮಿನ ಮ್ಯಾನೇಜರ್ ಮೊದಲು, ಅದೇನು ಕಾಣುವಂಥದ್ದಲ್ಲ ಬಿಡಿ ಎಂದು ಹಲ್ಲು ಕಿರಿದ. ನಾನು ಎಲ್ಲಿ ಕೆಲಸ ಮಾಡುವುದೆಂದು ಹೇಳಿದ ಮೇಲೆ ಹಲ್ಲು ಒಳಗೆ ಹೋಯಿತು, ಕಾಫಿ ಹೊರಗೆ ಬಂತು. ಅಲ್ಲಿನ ಪೇಂಟರ್ ಮಾತ್ರ ಕೆಲಸ ಬಲ್ಲವನು. ಕಣಗಳೆರಡನ್ನೂ ನೀರು ಹಾಕಿ ನುಣುಪು ಕಾಗದದಿಂದ ಉಜ್ಜಿ ಪಾಲಿಶ್ ಮಾಡಿ ಅರ್ಧ ಗಂಟೆಯಲ್ಲಿ ತೆಗೆದ. ಗೆರೆ ದಪ್ಪಗಿದೆ, ಉಜ್ಜಲು ಹೋದರೆ ಒಳಗಿನ ಪದರ ಕಾಣುತ್ತದೆ, ಪೂರ್ತಿ ಬಾಗಿಲಿಗೇ ಹೊಸದಾಗಿ ಬಣ್ಣ ಹೊಡೆಯಬೇಕು, ಹೊಡೆದರೆ ಕಾರ್ಖಾನೆಯ ಬಣ್ಣಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ ಉಳಿದೇ ಉಳಿಯುತ್ತದೆ ಎಂದ. ನಾನೂ ಅದನ್ನೇ ಹೇಳುತ್ತಿದ್ದೆ. ತಕ್ಷಣ ತೀರ್ಮಾನಿಸಬೇಕಿಲ್ಲ, ದೂರಿನ ಫಾರಂ ತುಂಬಿಟ್ಟರೆ ಒಂದು ತಿಂಗಳೊಳಗೆ ಯಾವಾಗ ಬೇಕಾದರೂ ಬಾಗಿಲಿಗೆ ಬಣ್ಣ ಹೊಡೆದುಕೊಡುತ್ತಾರಂತೆ. ತುಂಬಿ ಕೊಟ್ಟೆ.

ದೂರು ಬಂದ ಕಾರನ್ನು ಯಾರು ತಪಾಸಣೆ ಮಾಡಿ ಬಿಟ್ಟರು ಎಂದು ಕಾರ್ಖಾನೆಯಲ್ಲಿ ಕಾರ್ಡ್ ತೆಗೆದು ನೋಡುತ್ತಾರೆ. ಯಾವ ಕುರುಡನಪ್ಪಾ ಇದನ್ನು ಬಿಟ್ಟವನು ಎಂದು ನಾನೇ ಉಗಿಯುವ ಹುರುಪಿನಲ್ಲಿ ದಾಖಲೆ ಕೋಣೆಗೆ ಹೋದೆ. ಗುಮಾಸ್ತರು ಕಾರ್ಡ್ ಹುಡುಕಿ, ನೋಡಿ, ನನ್ನ ಕಡೆ ತಳ್ಳಿ, ಕನ್ನಡಕ ಒರೆಸತೊಡಗಿದರು. ತಪಾಸಣೆ ಮಾಡಿದವನ ನಂಬರ್ ನಲವತ್ತೊಂದು. ನನ್ನದೇ. ತಾರೀಕು ನೋಡಿದೆ. ನೀನು ಹೋದ ಮಾರನೆಯ ದಿನ, ಮಂಗಳವಾರ. ಕೊಳ್ಳುವವರಿಲ್ಲದ ಬಣ್ಣವಾದ್ದರಿಂದ ಕಾರು ಮೂರು ತಿಂಗಳು ಕಾರ್ಖಾನೆಯ ಅಂಗಳದಲ್ಲಿ ನಿಂತಿದ್ದು, ಕೊನೆಗೆ ನಮ್ಮ ಮನೆಗೇ ಬಂದಿದೆ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಮೊಳೆಯಲ್ಲಿ ನಿನ್ನ ಪಟ್ಟಿ ನೇತಾಡುತ್ತಿತ್ತು. ಒಂದು ಕಾರಿಗೆ ನಮಗೆ ಸಿಗುವುದು ಎರಡು ನಿಮಿಷ, ಸಾಲು ದೀಪಗಳ ಕೆಳಗೆ ನಿಂತು ಹತ್ತಿಯ ಗ್ಲೌಸ್ ಹಾಕಿದ ಕೈಯಲ್ಲಿ ತಡವುತ್ತಾ ಹೋಗಬೇಕು. ಕೈ ಬಾಗಿಲುಗಳ ಮೇಲೆ ಓಡುತ್ತಿತ್ತು, ತಲೆಯಲ್ಲಿ ಹತ್ತೊಂಬತ್ತು ಮೆಟ್ಟಿಲು ಓಡುತ್ತಿದ್ದವು. ಪಟ್ಟಿ ಇಲ್ಲದೆ ಹೇಗೆ ಹತ್ತಿದಳೋ, ಅಕ್ಕ ಕೈ ಹಿಡಿದರೋ ಇಲ್ಲವೋ. ಅಕ್ಕಿ ಕಾಳಿನಷ್ಟು ಉದ್ದದ ಗೆರೆ ಬೆರಳಿಗೆ ತಾಗಿದ್ದರೂ ನನಗೆ ತಿಳಿಯಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆಯೆಂದು ನಿನಗೆ ಹೇಳಿದ್ದೆ. ದೂರು ಬಂದರೆ ಸೋಮವಾರ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಆ ನಂಬರಿನವರು ಎಲ್ಲರ ಮುಂದೆ ಬಂದು 'ನನ್ನ ಕಣ್ಣು ತಪ್ಪಿತು' ಎಂದು ಹೇಳಿ ಪುಸ್ತಕದಲ್ಲಿ ರುಜು ಹಾಕಬೇಕು. ಈ ಪದ್ಧತಿ ತಂದವನೇ ನಾನು. ಹೋದ ವರ್ಷ ಹೊಸದಾಗಿ ಸೇರಿದ ಹುಡುಗಿಯಿಂದ ಎರಡು ಸಲ ಹೇಳಿಸಿದೆ, ಮೊದಲ ಸಲ ಹೇಳಿದ್ದು ಹಿಂದಿನ ಸಾಲಿಗೆ ಕೇಳಿಸಲಿಲ್ಲ ಎಂದು. ಅವಳು ಅತ್ತಳು. ಮನೆಗೆ ಬಂದು ಅದನ್ನು ತಮಾಷೆಯಾಗಿ ಹೇಳಿದಾಗ ನೀನು ನಗಲಿಲ್ಲ, ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಈ ಸಲ ಗುಮಾಸ್ತರು, ನಿಮ್ಮದೇ ಕಾರು ತಾನೇ, ಫಾರಂ ವಾಪಸ್ ತಗೊಂಡುಬಿಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಎರಡು ದಿನ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಹೋದ ಸೋಮವಾರ ಮುಂದೆ ಹೋಗಿ ನಿಂತೆ. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಆ ಜಾಗದಲ್ಲಿ ನಿಂತಿರಲಿಲ್ಲ. ಅಲ್ಲಿಂದ ನೋಡಿದರೆ ಮೂವತ್ತು ಜನ ಮುನ್ನೂರು ಜನರ ಹಾಗೆ ಕಾಣುತ್ತಾರೆ. ಮೂರೇ ಮಾತು. ಹೇಗೋ ಹೇಳಿದೆ. ಯಾರೂ ನಗಲಿಲ್ಲ. ಎರಡನೇ ಸಲ ಹೇಳಿ ಎಂದೂ ಯಾರೂ ಅನ್ನಲಿಲ್ಲ. ರುಜು ಹಾಕಲು ಬಗ್ಗಿದಾಗ ಆ ಹುಡುಗಿ ಪೆನ್ನು ಕೊಟ್ಟು ಮೆಲ್ಲಗೆ, 'ಹೇಳೋವರೆಗೆ ಅಷ್ಟೇ ಸರ್ ಕಷ್ಟ' ಎಂದಳು. ನನಗಿಂತ ಮೂವತ್ತು ವರ್ಷ ಚಿಕ್ಕವಳು. ಅವಳ ಕ್ಷಮೆ ಕೇಳಿದೆ, ಎಲ್ಲರ ಮುಂದೆಯೇ.

ಇಷ್ಟೆಲ್ಲ ಬರೆದದ್ದು ಬಾಗಿಲಿನ ಬಗ್ಗೆ ನಿನ್ನ ಅಭಿಪ್ರಾಯ ಬೇಕು ಎಂದು. ಗೆರೆ ಹಾಗೇ ಇರಲಿ ಅಂದರೆ ಇರಲಿ, ಹೊಸ ಬಣ್ಣ ಹೊಡೆಸಿ ಅಂದರೆ ಹೊಡೆಸುತ್ತೇನೆ. ದಿನಾ ಆ ಹಿಡಿ ಹಿಡಿಯುವ ಕೈ ನಿನ್ನದು, ತೀರ್ಮಾನವೂ ನಿನ್ನದೇ. ತಿಂಗಳು ಮುಗಿಯಲು ಇನ್ನು ಹದಿಮೂರು ದಿನವಿದೆ. ಪೆನ್ಸಿಲನ್ನು ಕಾರ್ಖಾನೆಯ ಕಪಾಟಿನಲ್ಲೇ ಇಟ್ಟು ಬರುತ್ತಿದ್ದೇನೆ. ಜೇಬು ಹಗುರಾಗಿ ಎರಡು ದಿನ ಏನೋ ಕಳೆದುಕೊಂಡವನ ಹಾಗೆ ತಡವಿಕೊಳ್ಳುತ್ತಿದ್ದೆ.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಸಂಕೋಚಪಟ್ಟು ಸುಮ್ಮನಿರಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ
ಇವರು

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಧೈರ್ಯವಾಗಲಿಲ್ಲ. ಮೊನ್ನೆ ಕಾರ್ಖಾನೆಯಿಂದ ತಪಾಸಣೆಯ ದೀಪ ಕೇಳಿ ತಂದು ನಿನ್ನ ಗೋಡೆಯನ್ನು ಪೂರ್ತಿ ನೋಡಿದೆ, ಮೂಲೆಯಿಂದ ಮೂಲೆಗೆ, ಎರಡು ಸಂಜೆ. ಸ್ವಿಚ್ಚಿನ ಸುತ್ತ ಒಂದು ಹನಿ ಬಿದ್ದಿಲ್ಲ. ಮೇಲೆ ಛಾವಣಿ ಸೇರುವಲ್ಲಿ ಗೆರೆ ನೇರ ಇದೆ, ಸ್ಟೂಲಿನ ಮೇಲೆ ಆ ಕಾಲಿನಲ್ಲಿ ನಿಂತು ಅದನ್ನು ಹೇಗೆ ಎಳೆದೆಯೋ, ನಮ್ಮವರಲ್ಲಿ ಯಾರ ಕೈಯಲ್ಲೂ ಆಗದು. ಬಹಳ ಚೆನ್ನಾಗಿದೆ ಇವಳೇ. ಹದಿನಾಲ್ಕು ಕಂಡವನಿಗೆ ಗೋಡೆ ಕಾಣಲಿಲ್ಲ. ನನ್ನ ಕಣ್ಣು ತಪ್ಪಿತು. ಬರುವ ಭಾನುವಾರ ಹತ್ತು ಗಂಟೆಗೆ ಅಕ್ಕನ ಮನೆ ಮುಂದೆ ಕಾರು ನಿಲ್ಲಿಸುತ್ತೇನೆ. ಹಾರ್ನ್ ಮಾಡುವುದಿಲ್ಲ. ಮೆಟ್ಟಿಲು ನಾನೇ ಹತ್ತಿ ಬಂದು ಪಟ್ಟಿ ಕೊಡುತ್ತೇನೆ. ಅದನ್ನು ಕಟ್ಟಿಕೊಂಡು ನನ್ನ ಜೊತೆ ಇಳಿದು ಬಂದರೆ ನಿನ್ನ ಕಡೆಯ ಬಾಗಿಲು ತೆಗೆಯುತ್ತೇನೆ. ಬರದಿದ್ದರೂ ಪಟ್ಟಿ ನಿನ್ನ ಹತ್ತಿರವೇ ಇರಲಿ, ನೋವಿಗೆ ಬೇಕಾಗುತ್ತದೆ.