ಎಪ್ಪತ್ತೆರಡನೇ ಪುಟ

ಕಾಮಗೆರೆ, ಸೋಮವಾರ

ಚಿರಂಜೀವಿ ಬಸವೇಶನಿಗೆ,

ನಿನ್ನ ಜೀವನಚರಿತ್ರೆಯ ಪುಸ್ತಕ ತಲುಪಿತು. ನಾಡಿನ ದೊಡ್ಡ ರಾಕ್ ಗಾಯಕ ಎಂದು ಮುಖಪುಟದಲ್ಲಿ ನಿನ್ನ ಫೋಟೊ ಹಾಕಿದ್ದಾರೆ. ನೀನು ಹುಟ್ಟಿದ್ದು ಇಲ್ಲಿನ ಆಸ್ಪತ್ರೆಯಲ್ಲಿ, ಪುಸ್ತಕದಲ್ಲಿ ಹನೂರು ಅಂತಿದೆ. ಅದು ಹೋಗಲಿ. ಎಪ್ಪತ್ತೆರಡನೇ ಪುಟದಲ್ಲಿ, ಅವ್ವ ನಿನ್ನ ಮೊದಲ ಗಿಟಾರನ್ನು ಒಲೆಗೆ ಹಾಕಿದಳು ಅಂತಿದೆ. ಲೇಖಕರಿಗೆ ಫೋನ್ ಮಾಡಿದರೆ, "ಬಸವೇಶ್ ಅವರೇ ಹೇಳಿದ್ದು ಮೇಡಂ" ಅಂದರು.

ನೀನು ಸೈಕಲ್ಲಿನಿಂದ ಬಿದ್ದು ಅದೇ ಗಿಟಾರಿನ ಕತ್ತು ಮುರಿದಾಗ, ಅವ್ವ ಅದನ್ನು ತನ್ನ ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿದ್ದಳು. ಅಂಟು ಒಣಗುವವರೆಗೆ ಬಡಗಿಯ ಅಂಗಡಿ ಮುಂದೆ ಕೂತಿದ್ದಳು. ನೀನು ಮರೆತಿಲ್ಲ. ಮರೆತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ತಾಯಿ ಅಡ್ಡಿ ಮಾಡಿದಳು ಅಂದರೆ ಕಥೆಗೆ ಕಳೆ ಬರುತ್ತದೆ ಅಂತ ನಿನಗೆ ಯಾರು ಹೇಳಿಕೊಟ್ಟರು?

ಅವ್ವನಿಗೆ ಓದಲು ಬಾರದು. ನಿನ್ನೆ ಪುಸ್ತಕ ಹಿಡಿದುಕೊಂಡು ಬಂದು, "ಗಿಟಾರ್ ರಿಪೇರಿ ಮಾಡ್ಸಿದ್ದನ್ನ ಬರ್ದವ್ರಾ ಮಗಾ?" ಅಂದಳು. ಬರೆದಿದ್ದಾರೆ ಎಂದು ಹೇಳಿ, ಇಲ್ಲದ ಸಾಲುಗಳನ್ನು ಓದಿದೆ. ಅವಳು ಖುಷಿಯಾಗಿ, "ಇನ್ನೊಂದ್ಸಲ ಓದು" ಅಂದಳು. ಎರಡನೇ ಸಲ ಅದೇ ಮಾತುಗಳು ನನ್ನ ಬಾಯಿಗೆ ಬರಲಿಲ್ಲ. ಅವ್ವ ನನ್ನ ಮುಖವನ್ನೇ ನೋಡಿದಳು. "ಸಾಕು ಬುಡು ಮಗಾ" ಎಂದು ಎದ್ದು ಹೋದಳು.

ಲೇಖಕರಿಗೆ ನಿಜ ಹೇಳಿ ಆ ಪುಟ ತಿದ್ದಿಸು. ಆಮೇಲೆ ಬಂದು, ಅವ್ವನ ಮುಂದೆ ಕೂತು ನೀನೇ ಓದು. ಅಲ್ಲಿಯವರೆಗೆ ಫೋನ್ ಮಾಡಿ ಅವ್ವನಿಗೆ ಕೊಡು ಅನ್ನಬೇಡ. ನಾನು ಕೊಡುವುದಿಲ್ಲ.

ನಿನ್ನ ಅಕ್ಕ,
ಕೋಮಲ